ಬಾಯಾರು ಬಂದರೆ ಹೆದರುವ ಕಂಪ್ಯೂಟರುಗಳು

ಧೈರ್ಯವಂತರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಹೆದರುವವರ ಕಷ್ಟ ಯಾರಿಗೂ ಬೇಕಿಲ್ಲ. ನಿಜ ಹೇಳಬೇಕೆಂದರೆ ಧೈರ್ಯವಂತರಿಗೆ ಕೆಲಸವೇ ಕಡಿಮೆ. ಆಪತ್ತು ಬಂದಾಗ ಎದ್ದು ನಿಂತರೆ ಮುಗಿಯಿತು, ಉಳಿದ ಹೊತ್ತು ಹಾಯಾಗಿ ಇರಬಹುದು. ನನ್ನಂಥವರಿಗೆ ಹಾಗಲ್ಲ. ಆಪತ್ತು ಬರುವ ಮೊದಲು ಹೆದರಬೇಕು, ಬಂದಾಗ ಹೆದರಬೇಕು, ಹೋದ ಮೇಲೆ ಅದು ನಿಜವಾಗಿ ಹೋಯಿತೋ ಇಲ್ಲಾ ಬಾಗಿಲ ಹಿಂದೆ ನಿಂತಿದೆಯೋ ಎಂದು ಹೆದರಬೇಕು. ಕುಕ್ಕರ್ ಸೀಟಿ ಹೊಡೆಯುವ ಮೊದಲು ಒಂದು ಥರ ಬುಸುಗುಡುತ್ತದಲ್ಲ, ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ಇರುವುದಿಲ್ಲ. ಹಳಿಯಾಳದ ನಮ್ಮ ಮನೆಯಿಂದ ದಾಂಡೇಲಿಗೆ ದಿನಾ ಬಸ್ಸಿನಲ್ಲಿ ನೌಕರಿಗೆ ಹೋಗಿಬರುತ್ತಿದ್ದ ಕಾಲದಲ್ಲಿ ಯಾವಾಗಲೂ ಡ್ರೈವರನ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದೆ. ಅವನೇನಾದರೂ ತೂಕಡಿಸಿದರೆ ಕೆಮ್ಮಿ ಎಬ್ಬಿಸಬಹುದು ಎಂಬ ಲೆಕ್ಕಾಚಾರ. ಅವನ ಮುಖ ಕಾಣದಿದ್ದುದರಿಂದ ಯಾವುದಕ್ಕೂ ಇರಲಿ ಎಂದು ತಿರುವು ಬಂದಾಗಲೆಲ್ಲ ಒಮ್ಮೆ ಕೆಮ್ಮುತ್ತಿದ್ದೆ. ಕೊನೆಗೆ ಒಂದು ದಿನ ಅವನೇ ಹಿಂದೆ ತಿರುಗಿ, "ಅಕ್ಕಾರ, ಈ ಕೆಮ್ಮು ಭಾಳ ದಿನದಿಂದ ಐತಿ. ನಿಮ್ಮ ದವಾಖಾನಿಯಾಗ ಒಮ್ಮೆ ತೋರಿಸ್ಕೊಳ್ರಿ" ಎಂದ. ಅವನು ಹಾಗೆ ಹಿಂದೆ ತಿರುಗಿದ್ದು ಸರಿಯಾಗಿ ಒಂದು ತಿರುವಿನಲ್ಲಿ. ಆಮೇಲೆ ಕೆಮ್ಮುವುದನ್ನೇ ಬಿಟ್ಟೆ.

ಇಂಥ ನನ್ನನ್ನು ಕಂಪ್ಯೂಟರುಗಳ ಜವಾಬ್ದಾರಿಗೆ ಹಾಕಿದ್ದರು ಎಂದರೆ ನಿಮಗೆ ನಗು ಬರಬಹುದು. ನನಗೆ ಆಗ ಬಂದಿರಲಿಲ್ಲ. ದಾಂಡೇಲಿಯಲ್ಲಿ ಒಂದು ಟ್ರಸ್ಟಿನ ಸಣ್ಣ ಆಸ್ಪತ್ರೆ. ಅಲ್ಲಿ ನಾನು ರೋಗಿಗಳ ದಾಖಲೆ ನೋಡಿಕೊಳ್ಳುವ ಗುಮಾಸ್ತೆ. ನನ್ನ ಗಂಡ ಹಳಿಯಾಳದ ಹೈಸ್ಕೂಲಿನಲ್ಲಿ ಮಾಸ್ತರು. ಮದುವೆಯಾದ ಹೊಸತರಲ್ಲಿ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ತರಗತಿಗೆ ನನ್ನ ಹೆಸರು ಹಚ್ಚಿ ಬಂದಿದ್ದರು. ಬೇಡ ಎನ್ನಲು ಹೆದರಿಕೆಯಾಗಿ ಹೋದೆ. ನಡುವೆ ಬಿಡಲು ಹೆದರಿಕೆಯಾಗಿ ಮುಗಿಸಿದೆ. ಫೇಲಾದರೆ ಎಂಬ ಹೆದರಿಕೆಗೆ ಓದಿ ಮೊದಲನೆಯವಳಾಗಿ ಪಾಸಾದೆ. ಆ ಸರ್ಟಿಫಿಕೇಟು ನೋಡಿ ಆಸ್ಪತ್ರೆಯವರು, ಇವರಿಗೆ ಎಲ್ಲಾ ಗೊತ್ತು ಎಂದು ತೀರ್ಮಾನ ಮಾಡಿಬಿಟ್ಟರು. ಹೀಗೆ ನನ್ನ ಪೂರ್ತಿ ಏಳಿಗೆಗೆ ಕಾರಣ ಪುಕ್ಕಲುತನ.

ಆದರೆ ಆಸ್ಪತ್ರೆಯಲ್ಲಿ ನನ್ನ ಹೆದರಿಕೆಗಳಿಗೆಲ್ಲ ಹಿರಿಯಕ್ಕನ ಸ್ಥಾನದಲ್ಲಿದ್ದವರು ನಮ್ಮ ಆಡಳಿತಾಧಿಕಾರಿ ದೇಸಾಯಿ ಬಾಯಾರು, ಎಂದರೆ ದೇಸಾಯಿ ಮೇಡಂ. ಸಣ್ಣ ದೇಹ, ಇಸ್ತ್ರಿ ಮಾಡಿದ ಹತ್ತಿ ಸೀರೆ, ಮೂಗಿನ ತುದಿಗೆ ಕನ್ನಡಕ. ಬೈಯುವವರಾಗಿದ್ದರೆ ಹೇಗೋ ಸಹಿಸಬಹುದಿತ್ತು. ಬೈಗುಳ ಒಂದು ಕಡೆ ಶುರುವಾಗಿ ಇನ್ನೊಂದು ಕಡೆ ಮುಗಿಯುತ್ತದೆ. ಬಾಯಾರು ಬೈಯುತ್ತಲೇ ಇರಲಿಲ್ಲ. ನಾವು ಏನಾದರೂ ಹೇಳಿದರೆ ಕನ್ನಡಕದ ಮೇಲಿನಿಂದ ನೋಡಿ, "ಹೌದಾ?" ಎನ್ನುತ್ತಿದ್ದರು. ಅಷ್ಟೇ. ಆ ಒಂದು ಶಬ್ದ ಕೇಳಿ ಮನೆಗೆ ಬಂದರೆ, ಅದು ಪ್ರಶ್ನೆಯೋ, ಅನುಮಾನವೋ, ನೌಕರಿಯಿಂದ ತೆಗೆಯುವ ಮುನ್ಸೂಚನೆಯೋ ಎಂದು ಊಟ ಮುಗಿಯುವವರೆಗೂ ಲೆಕ್ಕ ಹಾಕುತ್ತಿದ್ದೆ. ಅವರು ಎದುರಿಗೆ ಬಂದರೆ ನನ್ನ ನಾಲಿಗೆ ಒಣಗಿ ಮುಖ ಕಲ್ಲಿನಂತೆ ಬಿಗಿಯುತ್ತಿತ್ತು. ನಮಸ್ಕಾರ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ದಾಟಿ ಹೋಗಿರುತ್ತಿದ್ದರು.

ಈಗ ಕಂಪ್ಯೂಟರುಗಳ ವಿಷಯಕ್ಕೆ ಬರುತ್ತೇನೆ. ಆಗಿನ್ನೂ ಆಸ್ಪತ್ರೆಗಳಲ್ಲಿ ಕಂಪ್ಯೂಟರು ಅಪರೂಪ. ನಮ್ಮಲ್ಲಿ ಬಾಯಾರೇ ಹಟ ಹಿಡಿದು ತರಿಸಿದ್ದರು. ನನ್ನ ಕೋಣೆ, ಔಷಧ ಕೊಡುವ ಕಿಟಕಿ, ಲ್ಯಾಬು, ವಾರ್ಡು, ತುರ್ತು ಚಿಕಿತ್ಸೆಯ ಕೋಣೆ, ಹೀಗೆ ಅಲ್ಲೊಂದು ಇಲ್ಲೊಂದು ಯಂತ್ರ. ಎಲ್ಲಕ್ಕೂ ಒಂದೇ ಕಪ್ಪು ಕೇಬಲ್ಲು. ಅದು ಗೋಡೆಗುಂಟ ಹರಿದು, ಒಂದೊಂದು ಯಂತ್ರದ ಬೆನ್ನಿಗೂ ಮುಟ್ಟಿ, ಮುಂದಕ್ಕೆ ಹೋಗಿ, ಕೊನೆಗೆ ಬಾಯಾರ ಕೋಣೆಯಲ್ಲಿ ಮುಗಿಯುತ್ತಿತ್ತು. ನೆಲ ಒರೆಸುವಾಗ ಯಾರಾದರೂ ಎಲ್ಲಿಯಾದರೂ ಅದನ್ನು ಒದ್ದರೆ ಇಡೀ ಆಸ್ಪತ್ರೆಯ ಕಂಪ್ಯೂಟರುಗಳು ಒಟ್ಟಿಗೆ ನಿಲ್ಲುತ್ತಿದ್ದವು. ಬಾಯಾರ ಕೋಣೆಯ ಮೂಲೆಯಲ್ಲಿ ಇದ್ದದ್ದು ಸರ್ವರು, ಎಂದರೆ ಎಲ್ಲ ರೋಗಿಗಳ ಮಾಹಿತಿಯನ್ನೂ ಇಟ್ಟುಕೊಂಡು ಕೇಳಿದವರಿಗೆ ಕೊಡುವ ಯಜಮಾನ ಯಂತ್ರ. ಅದಕ್ಕೆ ಬಾಯಾರು ಕ್ರೋಶಾ ಹೆಣೆದ ಬಿಳಿ ಬಟ್ಟೆ ಹೊದಿಸುತ್ತಿದ್ದರು. ಮೊದಮೊದಲು ಹೆಸರುಗಳನ್ನೆಲ್ಲ ಅವರೇ ಒಂದೊಂದೇ ಬೆರಳಿನಿಂದ ಟೈಪು ಮಾಡಿ ತುಂಬಿಸಿದ್ದರಂತೆ. ಇದು ನಾನು ಸೇರುವುದಕ್ಕೆ ಮೊದಲಿನ ಮಾತು.

ಆ ಯಂತ್ರಕ್ಕೆ ವಯಸ್ಸಾಯಿತು. ಒಂದು ಹೆಸರು ಹುಡುಕಲು ಹೇಳಿದರೆ ಗರಗರ ಎನ್ನುತ್ತ ಕೂತುಬಿಡುತ್ತಿತ್ತು. ಟ್ರಸ್ಟಿನವರು ಹೊಸ ಸರ್ವರ್ ಮಂಜೂರು ಮಾಡಿದರು. ಹುಬ್ಬಳ್ಳಿಯಿಂದ ಪ್ರಶಾಂತ ಎಂಬ ಇಂಜಿನಿಯರು ಅದನ್ನು ಜೀಪಿನಲ್ಲಿ ಹಾಕಿಕೊಂಡು ಬಂದ. ಬಹಳ ಚುರುಕಿನವನು, ಮಾತು ಬಸ್ಸಿಗಿಂತ ವೇಗ. ಮೇಲಿನ ಅಂತಸ್ತಿನ ಒಂದು ಖಾಲಿ ಕೋಣೆಯಲ್ಲಿ ಹೊಸ ಯಂತ್ರವನ್ನು ಕೂರಿಸಿ, ಒಂದು ಸಣ್ಣ ಡಬ್ಬಿಯ ಮೂಲಕ ನಮ್ಮ ಹಳೆಯ ಕಪ್ಪು ಕೇಬಲ್ಲಿಗೆ ಸೇರಿಸಿದ. ಹಳೆಯದರಲ್ಲಿದ್ದ ಮಾಹಿತಿಯನ್ನೆಲ್ಲ ಹೊಸದಕ್ಕೆ ಇಳಿಸಿಕೊಂಡ. ಈ ಜಾಲದಲ್ಲಿ ಪ್ರತಿ ಯಂತ್ರಕ್ಕೂ ಮನೆಗೆ ಇದ್ದಂತೆ ಒಂದು ನಂಬರು ಇರುತ್ತದೆ. ಹಳೆಯ ಸರ್ವರಿನ ನಂಬರನ್ನೇ ಹೊಸದಕ್ಕೂ ಕೊಟ್ಟ. ಹಾಗೆ ಮಾಡಿದರೆ ಉಳಿದ ಯಂತ್ರಗಳಲ್ಲಿ ಏನನ್ನೂ ಬದಲಾಯಿಸಬೇಕಿಲ್ಲ, ಅವು ಹಳೆಯ ವಿಳಾಸಕ್ಕೇ ಹೋಗುತ್ತವೆ, ಅಲ್ಲಿ ಹೊಸಬ ಇರುತ್ತಾನೆ. ಯಾರೂ ತಪ್ಪಿ ಹಳೆಯದರಲ್ಲಿ ಬರೆಯಬಾರದೆಂದು ಅದರ ಮಾಹಿತಿಗೆ ಬೀಗ ಹಾಕಿ, ಯಂತ್ರವನ್ನು ಬಂದ್ ಮಾಡಿದ. ಹೊಸ ಕೋಣೆಯ ಕೀಲಿಕೈ ನನಗೆ ಕೊಟ್ಟು, ದೂಳಾಗುತ್ತದೆ, ಸುಮ್ಮನೆ ಒಳಗೆ ಹೋಗಬೇಡಿ, ಏನನ್ನೂ ಮುಟ್ಟಬೇಡಿ ಎಂದ. ಹೇಳುವ ಅಗತ್ಯವೇ ಇರಲಿಲ್ಲ. ಆ ಬಾಗಿಲ ಮುಂದೆ ಹಾದುಹೋಗುವಾಗಲೂ ನಾನು ಉಸಿರು ಬಿಗಿಹಿಡಿಯುತ್ತಿದ್ದೆ.

ಮರುದಿನ ಬೆಳಗ್ಗೆ ಎಲ್ಲವೂ ಎಷ್ಟು ಚೆನ್ನಾಗಿ ನಡೆಯಿತೆಂದರೆ ನನಗೆ ಆಗಲೇ ಅನುಮಾನ ಬಂತು. ಹೆಸರು ಬರೆದು ಬೆರಳು ಎತ್ತುವ ಮೊದಲೇ ರೋಗಿಯ ಮಾಹಿತಿ ಪರದೆಯ ಮೇಲೆ. ಹತ್ತು ಗಂಟೆಯ ಸುಮಾರಿಗೆ ಲ್ಯಾಬಿನಿಂದ ಫೋನು: ಒಳಗೆ ಹೋಗಲು ಅನುಮತಿ ಇಲ್ಲ ಎನ್ನುತ್ತಿದೆ. ಫೋನು ಇಡುವುದರೊಳಗೆ ಔಷಧದ ಕಿಟಕಿಯವರು ಬಂದರು, ಅವರಿಗೂ ಅನುಮತಿ ಇಲ್ಲ. ನನ್ನ ಯಂತ್ರ ನಡೆಯುತ್ತಿತ್ತು. ಸಮಾಧಾನದಿಂದ ಅದರ ಕಡೆ ತಿರುಗಿದೆ. ಅನುಮತಿ ಇಲ್ಲ. ಅರ್ಧ ಗಂಟೆಯ ಮೇಲೆ ವಾರ್ಡಿನದು ತಾನಾಗಿ ಸರಿಯಾಯಿತು, ಲ್ಯಾಬಿನದು ಒಮ್ಮೆ ಸರಿಯಾಗಿ ಮತ್ತೆ ಕೆಟ್ಟಿತು. ಸಂಜೆ ನಾನು ಮನೆಗೆ ಹೊರಡುವ ಹೊತ್ತಿಗೆ ಎಲ್ಲವೂ ಏನೂ ಆಗಿಯೇ ಇಲ್ಲ ಎಂಬಂತೆ ನಡೆಯುತ್ತಿದ್ದವು. ಇದು ಒಂದು ದಿನದ ಕಥೆಯಾಗಿದ್ದರೆ ಮರೆಯಬಹುದಿತ್ತು. ದಿನಾ ಇದೇ ಆಯಿತು.

ಪ್ರಶಾಂತನಿಗೆ ಫೋನು ಮಾಡಿದೆ. ನಿಮ್ಮ ಯಂತ್ರದಿಂದ ಸರ್ವರನ್ನು ಒಮ್ಮೆ ಕೂಗಿ ನೋಡಿ ಎಂದ. ಅದಕ್ಕೊಂದು ಆಜ್ಞೆ ಇದೆ. ಇಲ್ಲಿಂದ ಆ ನಂಬರನ್ನು ಕೂಗಿದರೆ, ಅದು ಬದುಕಿದ್ದರೆ ಓಗೊಡುತ್ತದೆ. ಕೂಗಿದೆ. ಠಣ್ಣನೆ ಉತ್ತರ ಬಂತು. "ಮತ್ತೇನ್ರಿ ಮೇಡಂ, ಸರ್ವರ್ ಚಲೋನ ಐತಿ. ನಿಮ್ಮ ಹಳೇ ಕೇಬಲ್ ತೊಂದರಿ" ಎಂದು ಫೋನಿಟ್ಟ. ಕೇಬಲ್ಲಿನ ತುದಿಗೆ ಹಾಕುವ ಸಣ್ಣ ಲೋಹದ ಟೊಪ್ಪಿಗೆ ಸಡಿಲವಾಗಿದ್ದರೂ ಹೀಗಾಗುತ್ತದೆ ಎಂದು ಕೇಳಿದ್ದೆ. ನನ್ನ ಕೋಣೆಯ ತುದಿಯದನ್ನು ಬಿಚ್ಚಿ ಹೊಸದು ಹಾಕಿದೆ. ಇನ್ನೊಂದು ತುದಿ ಬಾಯಾರ ಕೋಣೆಯಲ್ಲಿ. ಅಲ್ಲಿಗೆ ಹೋಗಿ, ಅವರ ಮೇಜಿನ ಹಿಂದೆ ಬಗ್ಗಿ, ಇದನ್ನು ಸ್ವಲ್ಪ ನೋಡುತ್ತೇನೆ ಎನ್ನುವುದನ್ನು ಕಲ್ಪಿಸಿಕೊಂಡೆ. ಅವರು ಹೌದಾ ಎನ್ನುವುದನ್ನೂ ಕಲ್ಪಿಸಿಕೊಂಡೆ. ಆ ತುದಿ ಸರಿಯಾಗಿಯೇ ಇರುತ್ತದೆ ಎಂದು ನಿರ್ಧರಿಸಿದೆ. ಬದಲಿಗೆ ಉಳಿದ ಎಲ್ಲ ಕೋಣೆಗಳಲ್ಲಿ ನೆಲದ ಮೇಲೆ ಕೂತು ಒಂದೊಂದು ಜೋಡಣೆಯನ್ನೂ ಬಿಚ್ಚಿ ಒರೆಸಿ ಹಾಕಿದೆ. ನಾನು ಒಂದನ್ನು ಬಿಚ್ಚಿದಾಗಲೆಲ್ಲ ಇಡೀ ಆಸ್ಪತ್ರೆಯ ಯಂತ್ರಗಳು ನಿಲ್ಲುತ್ತಿದ್ದವು. ಆವರೆಗೆ ಸರಿಯಿದ್ದವರೂ ಬಂದು ನನ್ನ ತಲೆಯ ಮೇಲೆ ನಿಲ್ಲುತ್ತಿದ್ದರು.

ಕೊನೆಗೆ ಪ್ರಶಾಂತನೇ ಬಂದ. ಅವನು ಬಂದ ದಿನ ಬಾಯಾರು ಕಾರವಾರಕ್ಕೆ ಮೀಟಿಂಗಿಗೆ ಹೋಗಿದ್ದರು. ಅವನು ಯಂತ್ರದಿಂದ ಯಂತ್ರಕ್ಕೆ ತಿರುಗಿದ, ಎಲ್ಲವೂ ಬಾಣದಂತೆ ನಡೆದವು. ಕಾದು ಕೂತ. ಮಧ್ಯಾಹ್ನದ ಊಟ ಮಾಡಿದ. ಒಂದಾದರೂ ಕೆಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಒಂದೂ ಕೆಡಲಿಲ್ಲ. ಹೋಗುವಾಗ ಅವನು ಬಹಳ ಮೃದುವಾಗಿ, ಮೇಡಂ, ನೀವು ಮಧ್ಯೆ ಒಂದೆರಡು ದಿನ ರಜೆ ತಗೊಳ್ಳಿ ಎಂದ. ಹುಬ್ಬಳ್ಳಿಯಿಂದ ಬಂದು ನನಗೆ ಔಷಧ ಬರೆದುಕೊಟ್ಟು ಹೋದಂತಾಯಿತು.

ತುರ್ತು ಕೋಣೆಯ ಫಿಲೋಮಿನಾ ಸಿಸ್ಟರು ಜೋಯಿಡಾ ಕಡೆಯವರು, ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ನಮ್ಮ ಕನ್ನಡ. ಎಂಥ ಗಾಯವನ್ನಾದರೂ ನೋಡುತ್ತ ಚಹಾ ಕುಡಿಯಬಲ್ಲವರು. ಮರುದಿನ ಮತ್ತೆ ಎಲ್ಲ ಕೆಟ್ಟು ಕೂತಾಗ ಅವರು ನಗುತ್ತ, ಬಾಯಾರು ಬಂದರೆ ನಾವಷ್ಟೇ ಅಲ್ಲ, ಕಂಪ್ಯೂಟರುಗಳೂ ಅಂಜುತ್ತವೆ ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬಸ್ಸಿನಲ್ಲಿ ಕೂತಾಗ ಆ ಮಾತು ತಣ್ಣಗೆ ಬೆನ್ನ ಮೇಲೆ ಇಳಿಯಿತು. ಬಾಯಾರು ಕಾರವಾರಕ್ಕೆ ಹೋದ ದಿನ ಕೆಡಲಿಲ್ಲ. ಭಾನುವಾರ ಕೆಡುವುದಿಲ್ಲ. ಬೆಳಗ್ಗೆ ಬಾಯಾರು ಬರುವ ಮೊದಲು ಕೆಡುವುದಿಲ್ಲ, ಸಂಜೆ ಹೋದ ಮೇಲೆ ಸರಿಯಾಗುತ್ತದೆ. ಇದನ್ನು ಕಂಡುಹಿಡಿದದ್ದಕ್ಕೆ ಬೇರೆ ಯಾರಾದರೂ ಹಿಗ್ಗುತ್ತಿದ್ದರು. ನನಗೆ ಮಾತ್ರ, ಈ ವಿಷಯ ನನಗೆ ಗೊತ್ತಿದೆ ಎಂದು ಯಾರಿಗಾದರೂ ಗೊತ್ತಾದರೆ ಏನು ಗತಿ ಎಂದು ಭಯವಾಯಿತು. ಮೇಲಧಿಕಾರಿಯ ಮುಂದೆ ನಿಂತು, ನೀವು ಬರುವುದರಿಂದಲೇ ಎಲ್ಲ ಕೆಡುತ್ತಿದೆ ಎಂದು ಹೇಳುವುದು ಹೇಗೆ? ಮನೆಯಲ್ಲಿ ಗಂಡನಿಗೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ, ಹೇಳಬೇಡ ಎಂದರು.

ಆ ವಾರ ಬಾಯಾರು ನನ್ನನ್ನು ಕರೆಸಿದರು. ಬಾಗಿಲ ಹತ್ತಿರವೇ ನಿಂತೆ. ಹೊಸದು ಸರಿಯಾಯಿತೇ ಎಂದು ಕೇಳಿದರು. ಆಗುತ್ತದೆ ಎಂದೆ. "ಹೌದಾ?" ಎಂದರು. ಆಮೇಲೆ ಕಿಟಕಿಯ ಕಡೆ ನೋಡುತ್ತ, "ಹಳೇದು ಭಾಳ ಚಲೋ ಇತ್ತಲ್ಲರಿ" ಎಂದರು. ಅದು ನನಗೆ ನೌಕರಿಯ ಕೊನೆಯ ಗಂಟೆಯಂತೆ ಕೇಳಿಸಿತು. ಹಳೇದು ಎಂದರೆ ಯಂತ್ರವೋ, ನನಗಿಂತ ಮೊದಲಿದ್ದ ಗುಮಾಸ್ತನೋ? ಅವರ ಮುಖ ನೋಡುವ ಧೈರ್ಯವಿಲ್ಲದೆ ನೆಲ ನೋಡಿಕೊಂಡು ಹೊರಗೆ ಬಂದೆ. ಸ್ವಲ್ಪ ಧೈರ್ಯ ಮಾಡಿ ಕೋಣೆಯ ಮೂಲೆಯ ಕಡೆ ಕಣ್ಣು ಹಾಯಿಸಿದ್ದರೂ ಸಾಕಿತ್ತು. ಅದು ಆಮೇಲೆ ಗೊತ್ತಾದದ್ದು.

ಇನ್ನೆರಡು ದಿನ ಕಳೆದಿರಬೇಕು. ಮಧ್ಯಾಹ್ನಕ್ಕೆ ಮೊದಲು ಒಂದು ಜೀಪು ಬಂತು. ಕುಳಗಿಯ ಕಾಡಿನ ಕ್ಯಾಂಪಿನಲ್ಲಿ ಕಾವಲು ಕೆಲಸ ಮಾಡುವ ವಿಠ್ಠಲ ಎಂಬವನನ್ನು ಹೊತ್ತು ತಂದಿದ್ದರು. ಕಾಡುಹಂದಿ ತೊಡೆ ಸೀಳಿತ್ತು. ಜ್ವರ ಏರಿ ಮೈಮೇಲೆ ಎಚ್ಚರವಿರಲಿಲ್ಲ. ಗಾಯವಾಗಿ ಒಂದು ದಿನ ಮನೆಯಲ್ಲೇ ಸೊಪ್ಪು ಅರೆದು ಕಟ್ಟಿಕೊಂಡು ಇದ್ದನಂತೆ. ಜೊತೆಗೆ ಅವನ ಹೆಂಡತಿ ಜನಾಬಾಯಿ. ಡಾಕ್ಟರು ಗಾಯ ತೊಳೆದು, ನಂಜು ಏರದಂತೆ ಇಂಜೆಕ್ಷನ್ ಸಿದ್ಧ ಮಾಡಲು ಸಿಸ್ಟರಿಗೆ ಹೇಳಿದರು. ಆಗ ಜನಾಬಾಯಿ ಮುಂದೆ ಬಂದು ಡಾಕ್ಟರ ಕೈ ಹಿಡಿದಳು.

"ಸಾಹೇಬ್ರ, ಸ್ವಲ್ಪ ತಡೀರಿ. ಹಿಂದ ಇದ ದವಾಖಾನಿಯಾಗ ಒಂದು ಸುಜಿ ಹಾಕಿದ್ರಿ, ಇವ್ರ ಉಸಿರು ನಿಂತು ಹೋಗಿತ್ರಿ. ಮೈಯೆಲ್ಲ ಬಾತಿತ್ತು. ಬಾಯಾರು ಅದನ್ನ ಕಂಪ್ಯೂಟರಿನಾಗ ಬರಕೊಂಡೇವಿ, ಇನ್ನ ಅಂಜಬ್ಯಾಡ ಅಂದಿದ್ರು."

ಯಾವ ಇಂಜೆಕ್ಷನ್ ಎಂದು ಡಾಕ್ಟರು ಕೇಳಿದರು. ಅವಳಿಗೆ ಹೆಸರು ಗೊತ್ತಿರಲಿಲ್ಲ, ಅವಳಿಗೆ ಯಾರೂ ಹೇಳಿಯೂ ಇರಲಿಲ್ಲ. ಆ ದಿನ ನೋಡಿದ್ದ ಡಾಕ್ಟರು ಈಗ ನಮ್ಮಲ್ಲಿ ಇರಲಿಲ್ಲ. ಬಾಯಾರನ್ನು ಕೇಳಿ ಬರಲು ಆಳನ್ನು ಓಡಿಸಿದರು, ಅಷ್ಟು ಹೆಸರುಗಳಲ್ಲಿ ಅವರಿಗೂ ನೆನಪಿರಲಿಲ್ಲ. ಸಿಸ್ಟರು ತುರ್ತು ಕೋಣೆಯ ಕಂಪ್ಯೂಟರಿಗೆ ಹೋಗಿ ಹೆಸರು ಹಾಕಿದರು. ಅನುಮತಿ ಇಲ್ಲ. ನನ್ನನ್ನು ಕರೆಸಿದರು. ಓಡಿಬಂದೆ. ಬಂದ್ ಮಾಡಿ ಮತ್ತೆ ಹಚ್ಚಿದೆ, ಸರ್ವರನ್ನು ಕೂಗಿದೆ, ಅದು ಓಗೊಟ್ಟಿತು, ಒಳಗೆ ಬಿಡಲಿಲ್ಲ. ಲ್ಯಾಬಿಗೆ ಓಡಿದೆ, ಅಲ್ಲಿಯೂ ಇಲ್ಲ. ವಾರ್ಡು, ಇಲ್ಲ. ಹಿಂದಕ್ಕೆ ಬಂದಾಗ ಡಾಕ್ಟರು ಮಂಚದ ಹತ್ತಿರ ಕೈಕಟ್ಟಿ ನಿಂತಿದ್ದರು. ಕಾಯಲು ಹೊತ್ತಿಲ್ಲ, ಗೊತ್ತಿಲ್ಲದೆ ಕೊಡಲೂ ಆಗುವುದಿಲ್ಲ ಎಂದರು, ನನಗಲ್ಲ, ತಮಗೇ ಹೇಳಿಕೊಂಡಂತೆ. ಜನಾಬಾಯಿ ನನ್ನ ಮುಖವನ್ನೇ ನೋಡುತ್ತಿದ್ದಳು. ಕಂಪ್ಯೂಟರಿನಲ್ಲಿ ಬರೆದಿದೆ ಎಂದಮೇಲೆ ಕಂಪ್ಯೂಟರಿನವಳು ಹೇಳುತ್ತಾಳೆ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ನನ್ನ ಬದುಕಿನಲ್ಲಿ ಎಷ್ಟೋ ಥರದ ಹೆದರಿಕೆ ಕಂಡಿದ್ದೇನೆ. ಆ ಹೊತ್ತಿನದು ಬೇರೆ. ಅದರಲ್ಲಿ ನಾನು ಎಂಬುದೇ ಇರಲಿಲ್ಲ.

ಆಗ ಎಷ್ಟು ಸರಳವಾದ ಸಂಗತಿ ಹೊಳೆಯಿತೆಂದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಸರ್ವರು ಎನ್ನುವುದೂ ಒಂದು ಕಂಪ್ಯೂಟರೇ. ಅದಕ್ಕೂ ಪರದೆ ಇದೆ, ಕೀಲಿಮಣೆ ಇದೆ. ಇಲ್ಲಿಂದ ಒಳಗೆ ಬಿಡದಿದ್ದರೆ ಅದರ ಎದುರಿಗೇ ಹೋಗಿ ಕೂರಬಹುದು. ಮುಟ್ಟಬೇಡಿ ಎಂದಿದ್ದರಿಂದ ನಾನು ಅದನ್ನು ನೋಡಲೂಬಾರದು ಎಂದುಕೊಂಡುಬಿಟ್ಟಿದ್ದೆ.

ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಕೀಲಿಯನ್ನು ಮೊದಲು ತಲೆಕೆಳಗಾಗಿ ತುರುಕಿದೆ, ಆಮೇಲೆ ಸರಿಯಾಗಿ. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಹೋಗಿ ಪರದೆಯ ಗುಂಡಿ ಒತ್ತಿದೆ. ಬೆಳಕು ಬಂತು. ಪರದೆಯ ನಟ್ಟನಡುವೆ ಒಂದು ಸಣ್ಣ ಚೌಕದಲ್ಲಿ ಏನೋ ಎಚ್ಚರಿಕೆ ಬರೆದಿತ್ತು. ಓದದೆ ಪಕ್ಕಕ್ಕೆ ಸರಿಸಿದೆ. ದಾಖಲೆ ತೆರೆದು ವಿಠ್ಠಲ ಎಂದು ಹಾಕಿದರೆ ಪರದೆ ತುಂಬ ವಿಠ್ಠಲರು. ನಮ್ಮ ಸೀಮೆಯಲ್ಲಿ ಯಾರನ್ನಾದರೂ ಹುಡುಕಿ, ವಿಠ್ಠಲನನ್ನು ಹುಡುಕಬೇಡಿ. ಹಳಿಯಾಳದವನು, ಉಳವಿಯವನು, ಮತ್ತೊಬ್ಬ ಹಳಿಯಾಳದವನು. ಕುಳಗಿಯವನು ಕೊನೆಗೆ ಸಿಕ್ಕ. ಅವನ ಹೆಸರಿನ ಕೆಳಗೆ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು: ಪೆನಿಸಿಲಿನ್ ಕೊಡಬಾರದು. ಮರೆಯುತ್ತೇನೆಂಬ ಭಯಕ್ಕೆ ಅಂಗೈ ಮೇಲೆ ಬರೆದುಕೊಂಡೆ. ಒಂದೇ ಶಬ್ದ. ಆದರೂ ಕೆಳಗಿಳಿಯುವಷ್ಟರಲ್ಲಿ ಬೆವರಿಗೆ ಅಳಿಸಿದರೆ ಎಂದು ಬಾಯಲ್ಲೂ ಹೇಳಿಕೊಳ್ಳುತ್ತ ಇಳಿದೆ.

ಡಾಕ್ಟರು ನನ್ನ ಅಂಗೈ ಓದಿದರು. ಸಿಸ್ಟರ ಕೈಯಲ್ಲಿದ್ದ ತಟ್ಟೆಯನ್ನು ಒಮ್ಮೆ ನೋಡಿದರು. ಅದರಲ್ಲಿ ಸಿದ್ಧವಾಗಿದ್ದದ್ದು ಅದೇ. ಸಿಸ್ಟರು ಅದನ್ನು ತೆಗೆದುಕೊಂಡು ಹೋಗಿ ಬೇರೆಯದನ್ನು ತಂದರು. ಆ ದಿನ ಮಧ್ಯಾಹ್ನದ ಚಹಾ ಅವರು ಕುಡಿಯಲಿಲ್ಲ. ಸಂಜೆಯ ಹೊತ್ತಿಗೆ ವಿಠ್ಠಲನ ಜ್ವರ ಇಳಿಯತೊಡಗಿತು. ಮುಂದೆ ಕೆಲ ದಿನ ನಮ್ಮಲ್ಲೇ ಇದ್ದು, ಹಂದಿಯ ಗಾತ್ರವನ್ನು ದಿನದಿನಕ್ಕೂ ಹೆಚ್ಚಿಸುತ್ತ, ನಡೆದುಕೊಂಡೇ ಮನೆಗೆ ಹೋದ.

ಆದರೆ ಆ ಮಧ್ಯಾಹ್ನ ನನ್ನ ಕೆಲಸ ಮುಗಿದಿರಲಿಲ್ಲ. ಬೀಗ ಹಾಕದೆ ಬಂದಿದ್ದೇನೆ ಎಂದು ನೆನಪಾಗಿ ಮತ್ತೆ ಮೇಲೆ ಹೋದೆ. ಸರಿಸಿಟ್ಟಿದ್ದ ಚೌಕ ಹಾಗೇ ಇತ್ತು. ಈಗ ಓದಿದೆ. ನನ್ನ ನಂಬರನ್ನೇ ಇಟ್ಟುಕೊಂಡ ಇನ್ನೊಂದು ಯಂತ್ರ ಈ ಜಾಲದಲ್ಲಿದೆ ಎಂದು ಹೊಸ ಸರ್ವರು ದೂರುತ್ತಿತ್ತು. ದಿನಾ ದೂರುತ್ತಿತ್ತೋ ಏನೋ, ಬೀಗ ಹಾಕಿದ ಕೋಣೆಯಲ್ಲಿ, ಬಂದ್ ಮಾಡಿದ ಪರದೆಯ ಮೇಲೆ. ಒಂದೇ ನಂಬರಿನ ಎರಡು ಮನೆ ಇದ್ದರೆ ಕಾಗದ ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. ನಾವು ಕೂಗಿದಾಗಲೆಲ್ಲ ಓಗೊಡುತ್ತಿದ್ದುದು ಯಾರು ಎಂದು ನಾವು ಕೇಳಿಯೇ ಇರಲಿಲ್ಲ. ಹಳೆಯ ಸರ್ವರು ಓಗೊಡುತ್ತಿತ್ತು, ಆದರೆ ಪ್ರಶಾಂತ ಅದಕ್ಕೆ ಬೀಗ ಹಾಕಿ ಹೋಗಿದ್ದರಿಂದ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಬಂದ್ ಆಗಿರಬೇಕಾದ ಹಳೆಯ ಸರ್ವರು ನಡೆಯುತ್ತಿದೆ. ಅದು ಇರುವುದು ಬಾಯಾರ ಕೋಣೆಯಲ್ಲಿ.

ಅವರ ಕೋಣೆಗೆ ಹೋಗುವ ಪಡಸಾಲೆಯಲ್ಲಿ ನಾನು ಬಹಳ ನಿಧಾನವಾಗಿ ನಡೆದೆ. ಬಾಗಿಲ ಮುಂದೆ ನಿಂತು ಎರಡು ಸಲ ಹಿಂದಕ್ಕೂ ಬಂದೆ. ಆಮೇಲೆ ಜನಾಬಾಯಿಯ ಮುಖ ನೆನಪಾಯಿತು. ನಾಳೆ ಇನ್ನೊಬ್ಬಳು ಹಾಗೆ ನನ್ನ ಮುಖ ನೋಡಿದರೆ? ಆ ಹೆದರಿಕೆ ಈ ಹೆದರಿಕೆಗಿಂತ ದೊಡ್ಡದಾಗಿತ್ತು. ಒಳಗೆ ಹೋದೆ.

ಮೂಲೆಯಲ್ಲಿ ಹಳೆಯ ಯಂತ್ರ ಗರಗರ ಎನ್ನುತ್ತಿತ್ತು. ಕ್ರೋಶಾ ಬಟ್ಟೆ ಮಡಿಸಿ ಮೇಜಿನ ಮೇಲೆ ಇಟ್ಟಿತ್ತು. ಬಾಯಾರು ತಲೆ ಎತ್ತಿದರು. ನಾನು ಎಲ್ಲವನ್ನೂ ಒಂದೇ ಉಸಿರಿನಲ್ಲಿ, ನೆಲಕ್ಕೆ ಹೇಳಿದೆ. ನೀವೇ ಕಾರಣ ಎಂಬ ಶಬ್ದ ಬಾರದಂತೆ ಹೇಳಲು ಮಾಡಿದ ಪ್ರಯತ್ನದಲ್ಲಿ ಅದು ಮೂರು ಸಲ ಬಂತು. ಮುಗಿದ ಮೇಲೆ ಹೌದಾ ಎನ್ನುವುದಕ್ಕೆ ಕಾದೆ. ಬರಲಿಲ್ಲ. ತಲೆ ಎತ್ತಿ ನೋಡಿದರೆ ಬಾಯಾರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು. ಅವರ ಮುಖವನ್ನು ಕನ್ನಡಕವಿಲ್ಲದೆ ನಾನು ಕಂಡಿರಲೇ ಇಲ್ಲ. ವಯಸ್ಸಾಗಿತ್ತು ಅವರಿಗೆ.

"ದಿನಾ ಬಂದ ಕೂಡ್ಲೆ ನಾನ ಹಚ್ಚತೇನ್ರಿ" ಎಂದರು ಮೆಲ್ಲಗೆ. "ಹೋಗೂ ಮುಂದ ಬಂದ್ ಮಾಡ್ತೇನಿ. ಆ ಹುಡುಗ ಎಲ್ಲಾ ಹೊಸದಕ್ಕ ಹಾಕೇನಿ ಅಂದ. ಹಾಕ್ಯಾನೋ ಇಲ್ಲೋ ನನಗೇನ ಗೊತ್ತಾಗಬೇಕು? ಒಂದು ಹೆಸರು ಬಿಟ್ಟು ಹೋಗಿದ್ರ? ಅದಕ ಇದು ಜೀವಂತ ಐತೋ ಇಲ್ಲೋ ನೋಡೂದು. ಹಚ್ಚಿದ್ರ ಎದಿಗೆ ಸಮಾಧಾನ ಅಷ್ಟ."

ವಿಠ್ಠಲನ ಹೆಸರಿನ ಕೆಳಗಿನ ಆ ದೊಡ್ಡ ಅಕ್ಷರಗಳನ್ನು ಬರೆದವರು ಯಾರು ಎಂದು ನನಗೆ ಆಗ ಹೊಳೆಯಿತು. ಅದು ಹೊಸದರಲ್ಲಿ ಬಂದಿದೆ, ನಾನೇ ಈಗ ಓದಿ ಬಂದೆ ಎಂದು ಅಂಗೈ ತೋರಿಸಿದೆ. ಅವರು ನನ್ನ ಕೈಯನ್ನು ಹಿಡಿದು, ಕನ್ನಡಕ ಹಾಕಿಕೊಂಡು, ಬಹಳ ಹೊತ್ತು ಓದಿದರು. ಆಮೇಲೆ ನಾನು ಮೂಲೆಯಲ್ಲಿ ಬಗ್ಗಿ, ಕೇಬಲ್ಲಿನ ಜೋಡಣೆ ಕಡಿಯದಂತೆ ಹಳೆಯ ಯಂತ್ರದ ಬೆನ್ನಿನಿಂದ ಮಾತ್ರ ಅದನ್ನು ಕಳಚಿದೆ. ಇನ್ನು ನೀವು ದಿನಾ ಹಚ್ಚಿದರೂ ಯಾರಿಗೂ ತೊಂದರೆಯಿಲ್ಲ ಎಂದೆ. ಸ್ವಲ್ಪ ಹೊತ್ತಿಗೆ ಲ್ಯಾಬಿನಿಂದ ಫೋನು ಬಂತು, ಸರಿಯಾಗಿದೆ ಎಂದು.

"ಕೂಡ್ರಿ, ಸುಮಿತ್ರಾ" ಎಂದರು ಬಾಯಾರು. ಆ ಕೋಣೆಯಲ್ಲಿ ಕುರ್ಚಿ ಇದೆ ಎಂದು ತಿಳಿದದ್ದು ಆಗಲೇ. ಚಹಾ ತರಿಸಿದರು. ಇದನ್ನು ಮೊದಲೇ ಬಂದು ಯಾಕೆ ಕೇಳಲಿಲ್ಲ ಎಂದರು. ನೀವು ಕೆಲಸದಲ್ಲಿ ಇರುತ್ತೀರಿ ಎಂದು ಏನೋ ತೊದಲಿದೆ. ಅವರು ಬಸಿಯಲ್ಲಿ ಚಹಾ ಆರಿಸುತ್ತ, "ನನ್ನ ಕಂಡ್ರ ಅಂಜಿಕಿ ಏನ್ರಿ ನಿಮಗ?" ಎಂದು ಕೇಳಿದರು.

"ಛೇ, ಇಲ್ಲರಿ" ಎಂದೆ, ಪ್ರಶ್ನೆ ಮುಗಿಯುವ ಮೊದಲೇ.

"ಹಂಗಾದ್ರ ಚಲೋ ಆತು" ಎಂದರು. "ನನಗ ಮಾತ್ರ ನಿಮ್ಮನ್ನ ಕಂಡ್ರ ಭಾಳ ಅಂಜಿಕಿ. ನೀವು ಕಲಿತು ಬಂದವರು. ಎದುರಿಗೆ ಬಂದ್ರೂ ನಗೂದಿಲ್ಲ, ಮಾತಾಡೂದಿಲ್ಲ, ಮಾರಿ ಬಿಗದ ಹೋಗಿಬಿಡ್ತೀರಿ. ಈ ಮುದುಕಿಗೆ ಕಂಪ್ಯೂಟರಿನ ಗಂಧಾನ ಇಲ್ಲ ಅಂತೀರೇನೋ ಅಂತ, ಏನ ಹೇಳಿದ್ರೂ ಹೌದಾ ಅಂದು ಸುಮ್ಮನಾಗ್ತಿದ್ದೆ."

ನಾನು ಮುಖ ಸಡಿಲ ಮಾಡಲು ಪ್ರಯತ್ನಪಟ್ಟೆ. ಅದು ಹೇಗೆ ಕಾಣಿಸಿತೋ, ಬಾಯಾರು ಬೇಗಬೇಗನೆ ಚಹಾ ಮುಗಿಸಿದರು.

ಸಂಜೆ ಮನೆಗೆ ಬಂದು ಗಂಡನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಸೊಳ್ಳೆಗೂ ಹೆದರುವ ನನ್ನನ್ನು ಕಂಡು ಒಬ್ಬರು ಹೆದರುತ್ತಾರಂತೆ ಎಂದು ನಗಾಡಿದೆ. ಅವರೂ ನಗುತ್ತಾರೆಂದುಕೊಂಡಿದ್ದೆ. ಅವರು ಪೇಪರಿನ ಪುಟ ತಿರುವಿದರು. ಓದಿ ಮುಗಿಸಿದ ಪುಟವನ್ನೇ ಮತ್ತೆ ತಿರುವಿದರು. ನನಗೆ ಯಾಕೋ ಅನುಮಾನ ಬಂತು.

"ಯಾಕ್ರೀ, ನಿಮಗೂ ನನ್ನ ಕಂಡ್ರ ಅಂಜಿಕಿ ಆಗ್ತದೇನು?" ಎಂದು ಕೇಳಿದೆ.

"ಛೇ, ಇಲ್ಲಪ್ಪ" ಎಂದರು, ಪ್ರಶ್ನೆ ಮುಗಿಯುವ ಮೊದಲೇ.